ಮುಚ್ಚಿದ್ದು ಮುಚ್ಚಿರಲಿ, ತೆರೆದದ್ದು ತೆರೆದಿರಲಿ

ರಾತ್ರಿ 10.30ಕ್ಕೆ ಫೋನ್ ನೂರಕ್ಕೆ ನೂರು ಚಾರ್ಜ್ ಆಗಿತ್ತು. ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ತಳ್ಳಿ, ಪರದೆ ಖಾಲಿ ಮಾಡಿ, ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿ ಮಲಗಿದ್ದಾಯಿತು. ರಾತ್ರಿ ಯಾರೂ ಮುಟ್ಟಲಿಲ್ಲ, ಒಂದು ಕರೆಯೂ ಬರಲಿಲ್ಲ. ಬೆಳಿಗ್ಗೆ 5.30ಕ್ಕೆ ಎದ್ದು ನೋಡಿದರೆ 81. ಉಳಿದ 19 ಎಲ್ಲಿ ಹೋಯಿತೆಂದು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಲೆಕ್ಕ ತೆಗೆದರೆ ಪಟ್ಟಿಯ ಮೇಲ್ತುದಿಯಲ್ಲಿ ಒಂದು ಪಂಚಾಂಗದ ಆ್ಯಪ್. ಯುಗಾದಿ ಹೊತ್ತಿಗೆ ಹಾಕಿಕೊಂಡು ಆಮೇಲೆ ಮರೆತೇಹೋಗಿದ್ದದ್ದು. ಪರದೆಯ ಮೇಲೆ 0 ನಿಮಿಷ, ಹಿನ್ನೆಲೆಯಲ್ಲಿ 3 ಗಂಟೆ 40 ನಿಮಿಷ. ರಾಹುಕಾಲವೇ ದಿನಕ್ಕೆ ಒಂದೂವರೆ ಗಂಟೆ. ಅದನ್ನು ಹೇಳಲು ಬಂದದ್ದು ಎರಡು ರಾಹುಕಾಲಕ್ಕೂ ಮಿಕ್ಕಿ ನಮ್ಮ ಫೋನನ್ನು ಹಿಡಿದು ಕೂತಿತ್ತು.

ಈ ಚಳವಳಿ ಹುಟ್ಟಿದ್ದು ಅಲ್ಲಿಂದ. ಆ ಬೆಳಗಿನ ಲೆಕ್ಕವನ್ನು ನಾಲ್ಕು ಜನರ ಮುಂದಿಟ್ಟಾಗ ನಾಲ್ವರೂ ತಮ್ಮ ತಮ್ಮ ಫೋನ್ ತೆಗೆದರು. ಒಬ್ಬರದರಲ್ಲಿ ಟಾರ್ಚ್ ಆ್ಯಪ್. ಒಬ್ಬರದರಲ್ಲಿ ಎರಡು ವರ್ಷದ ಹಿಂದೆ ಮದುವೆಯೊಂದಕ್ಕೆ ಸೀರೆ ತರಿಸಿದ ಅಂಗಡಿಯ ಆ್ಯಪ್. ಇನ್ನೊಬ್ಬರದರಲ್ಲಿ ಫೋನ್ ಜೊತೆಗೇ ಬಂದ, ಅಳಿಸಲು ಬಾರದ, ಯಾಕಿದೆಯೆಂದೂ ತಿಳಿಯದ ಒಂದು ‘ಸ್ಟೋರ್’. ಉರಿಯುತ್ತಿರುವುದು ನಮ್ಮ ಕರೆಂಟು, ಖರ್ಚಾಗುತ್ತಿರುವುದು ನಾವು ರೀಚಾರ್ಜ್ ಮಾಡಿಸಿದ ಡೇಟಾ, ಸವೆಯುತ್ತಿರುವುದು ನಮ್ಮ ಬ್ಯಾಟರಿ. ನಮ್ಮನ್ನು ಕೇಳಿದವರು ಯಾರು?

ಹಾಗಾಗಿ ನಾವು ಹೇಳುವುದು ಇಷ್ಟು: ನಮ್ಮ ಫೋನಿನಲ್ಲಿ ಯಾವ ಆ್ಯಪ್ ಯಾವಾಗ ಎದ್ದಿರಬೇಕು, ಯಾವಾಗ ಮಲಗಬೇಕು ಎಂಬುದರಲ್ಲಿ ಕೊನೆಯ ಮಾತು ಫೋನಿನ ಒಡೆಯರದು. ಆ್ಯಪ್ ಬರೆದವರದಲ್ಲ, ಫೋನ್ ಮಾರಿದವರದಲ್ಲ, ಆಂಡ್ರಾಯ್ಡ್ ಅಥವಾ ಐಒಎಸ್ ಮಾಡಿದವರದೂ ಅಲ್ಲ.

ಹಿನ್ನೆಲೆ ಕೆಲಸವೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಹಿಮ್ಮೇಳವಿಲ್ಲದೆ ಯಕ್ಷಗಾನವಿಲ್ಲ. ಬಸ್ಸಿನಲ್ಲಿ ಕೂತು ಹಾಡು ಕೇಳುವವರಿಗೆ, ದಾರಿ ಗೊತ್ತಿಲ್ಲದ ಊರಿನಲ್ಲಿ ಮ್ಯಾಪ್ ಹಾಕಿಕೊಂಡು ಗಾಡಿ ಓಡಿಸುವವರಿಗೆ, ಮಗಳ ಮೆಸೇಜಿಗೆ ಕಾಯುವವರಿಗೆ ಹಿಮ್ಮೇಳ ಬೇಕೇ ಬೇಕು. ಆದರೆ ರಂಗಸ್ಥಳದ ಎದುರು ಕೂತ ಮಗುವಿಗೂ ಚೆಂಡೆಯವರು ಯಾರು, ಮದ್ದಳೆಯವರು ಯಾರು ಎಂದು ಕಾಣುತ್ತದೆ. ಭಾಗವತರು ಮಂಗಳ ಹಾಡಿದರೆ ಚೆಂಡೆ ನಿಲ್ಲುತ್ತದೆ. ಫೋನಿನ ಹಿಮ್ಮೇಳ ಕೂತಿರುವುದು ಪರದೆಯ ಆಚೆ. ಎಷ್ಟು ಮಂದಿ ಇದ್ದಾರೆಂದು ಗೊತ್ತಿಲ್ಲ, ಮಂಗಳವಾದ ಮೇಲೂ ಬಾರಿಸುವುದು ನಿಂತಿಲ್ಲ.

ಇದರ ಉಲ್ಟಾ ಕಥೆಯೂ ಇದೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ. ಮೊಮ್ಮಗ ಅದಕ್ಕೊಂದು ಜ್ಞಾಪಿಸುವ ಆ್ಯಪ್ ಹಾಕಿಕೊಟ್ಟು ಊರಿಗೆ ಹೋದ. ಎರಡು ವಾರ ಸರಿಯಾಗಿ ಕೂಗಿತು. ಆಮೇಲೆ ಮೂರು ದಿನ ಮೌನ. ‘ನಾನೇ ಕೇಳಿಸಿಕೊಳ್ಳಲಿಲ್ಲವೇನೋ ಅಂದ್ಕೊಂಡೆ ಕಣಪ್ಪ’ ಎಂದರು ಅಜ್ಜಿ. ತಪ್ಪು ಅವರ ಕಿವಿಯದಲ್ಲ. ಆ್ಯಪನ್ನು ಅಜ್ಜಿ ತೆರೆಯುತ್ತಲೇ ಇಲ್ಲ, ಹಾಗಾದರೆ ಅದು ಬೇಡವಾಗಿರಬೇಕು ಎಂದು ಫೋನ್ ತಯಾರಿಸಿದ ಕಂಪನಿಯ ಬ್ಯಾಟರಿ ಸೇವರ್ ತಾನೇ ಲೆಕ್ಕ ಹಾಕಿ ಮಲಗಿಸಿಬಿಟ್ಟಿತ್ತು. ತೆರೆಯದೆಯೇ ಕೂಗುವುದು ಆ ಆ್ಯಪ್‌ನ ಇಡೀ ಉದ್ಯೋಗ! ಇದು ಅಜ್ಜಿಯೊಬ್ಬರ ಪಾಡಲ್ಲ. ಯಾವ ಕಂಪನಿಯ ಫೋನ್ ಹಿನ್ನೆಲೆಯ ಆ್ಯಪ್‌ಗಳನ್ನು ಎಷ್ಟು ನಿರ್ದಯವಾಗಿ ಕೊಲ್ಲುತ್ತದೆ ಎಂದು ಅಲಾರಂ ಆ್ಯಪ್ ಬರೆಯುವ ಡೆವಲಪರ್‌ಗಳು ‘ಡೋಂಟ್ ಕಿಲ್ ಮೈ ಆ್ಯಪ್’ ಹೆಸರಿನಲ್ಲಿ ಪಟ್ಟಿಯನ್ನೇ ಇಟ್ಟಿದ್ದಾರೆ.

ಬೇಡದ ಪಂಚಾಂಗ ರಾತ್ರಿಯಿಡೀ ಓಡುತ್ತದೆ, ಬೇಕಾದ ಮಾತ್ರೆಯ ಗಂಟೆ ಸಾಯುತ್ತದೆ. ಎರಡೂ ಒಂದೇ ರೋಗ. ಈ ಪ್ರಣಾಳಿಕೆಯ ತಲೆಬರಹದಲ್ಲಿ ಎರಡು ಮಾತಿರುವುದು ಅದಕ್ಕೇ.

ಒಳಗೆ ನಡೆಯುವುದೇನು

ಮೇಲಕ್ಕೆ ತಳ್ಳಿದರೆ ಆ್ಯಪ್ ಮುಚ್ಚಿತು ಎಂದು ನಮ್ಮಲ್ಲಿ ಬಹುಪಾಲು ಜನ ನಂಬಿದ್ದೇವೆ. ಆಂಡ್ರಾಯ್ಡ್‌ನಲ್ಲಿ ಹಾಗೆ ತಳ್ಳಿದಾಗ ಖಾತ್ರಿಯಾಗಿ ಹೋಗುವುದು ಇತ್ತೀಚೆಗೆ ತೆರೆದ ಆ್ಯಪ್‌ಗಳ ಸಾಲಿನಲ್ಲಿದ್ದ ಅದರ ಚಿತ್ರ. ‘ಇಷ್ಟು ಹೊತ್ತಿಗೊಮ್ಮೆ ನನ್ನನ್ನು ಎಬ್ಬಿಸು’ ಎಂದು ಅದು ಮೊದಲೇ ಸಿಸ್ಟಮ್ ಕೈಗೆ ಕೊಟ್ಟಿರುವ ಚೀಟಿಗಳು ಹಾಗೇ ಉಳಿಯುತ್ತವೆ. ನಿಜವಾಗಿ ನಿಲ್ಲಿಸಬೇಕೆಂದರೆ ಸೆಟ್ಟಿಂಗ್ಸ್, ಅಲ್ಲಿಂದ ಆ್ಯಪ್ಸ್, ಅಲ್ಲಿ ಆ ಆ್ಯಪ್ ಹುಡುಕಿ ‘ಫೋರ್ಸ್ ಸ್ಟಾಪ್’. ಆಗ ಚೀಟಿಗಳೂ ಹರಿದುಹೋಗುತ್ತವೆ. ಮತ್ತೆ ನೀವೇ ತೆರೆಯುವವರೆಗೆ ಸಾಮಾನ್ಯವಾಗಿ ಅದು ಏಳುವುದಿಲ್ಲ. ಒತ್ತಲು ಹೋದರೆ ಮಾತ್ರ, ಹೀಗೆ ಮಾಡಿದರೆ ಆ್ಯಪ್ ಸರಿಯಾಗಿ ನಡೆಯದೆ ಹೋದೀತು ಎಂದು ಫೋನ್ ಹೆದರಿಸುತ್ತದೆ. ಹಾಕಿಕೊಳ್ಳುವಾಗ ಯಾರೂ ಹೀಗೆ ಹೆದರಿಸಿರಲಿಲ್ಲ. ಐಫೋನಿನಲ್ಲಿ 2013ರ ಐಒಎಸ್ 7ರಿಂದ ‘ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್’ ಎಂದು ಆ್ಯಪ್‌ಗೊಂದರಂತೆ ಗುಂಡಿ ಇದೆ. ಇದ್ದದ್ದು ಒಳ್ಳೆಯದೇ. ಆದರೆ ಅದು ಮೊದಲಿನಿಂದಲೇ ಆನ್ ಆಗಿರುತ್ತದೆ. ಆಫ್ ಮಾಡುವ ಪಾಡು ನಮ್ಮದು.

ಒಂದೆರಡು ಕಿಲೋಬೈಟ್ ಕಳಿಸಲು ಏನು ಮಹಾ ಕರೆಂಟು ಎನ್ನುವವರಿಗೆ ಪಂಪ್‌ಸೆಟ್ಟಿನ ಲೆಕ್ಕ ಹೇಳಬೇಕು. ಒಂದು ಚೊಂಬು ನೀರಿಗೆ ಮೋಟರ್ ಹಾಕಿದಿರಿ ಎನ್ನಿ. ಮೋಟರ್ ಏಳಬೇಕು, ಪೈಪು ತುಂಬಬೇಕು, ಚೊಂಬು ತುಂಬಿದ ಮೇಲೂ ‘ಇನ್ನೊಂದು ಚೊಂಬು ಬಂದೀತು’ ಎಂದು ಸ್ವಲ್ಪ ಹೊತ್ತು ಸುಮ್ಮನೆ ಓಡುತ್ತಿರಬೇಕು. ಫೋನಿನ ರೇಡಿಯೊ ನಡೆದುಕೊಳ್ಳುವುದು ಹೀಗೆಯೇ. ಕಳಿಸುವುದು ಮುಗಿದ ಮೇಲೂ ಹಲವು ಸೆಕೆಂಡು ಅದು ಹೆಚ್ಚು ವಿದ್ಯುತ್ ಎಳೆಯುವ ಸ್ಥಿತಿಯಲ್ಲೇ ಇರುತ್ತದೆ. ಒಂದೇ ಸಲ ಹತ್ತು ಚೊಂಬು ತುಂಬಿಕೊಳ್ಳುವುದಕ್ಕೂ ಹತ್ತು ಸಲ ಮೋಟರ್ ಹಾಕಿ ತೆಗೆಯುವುದಕ್ಕೂ ಎಷ್ಟು ವ್ಯತ್ಯಾಸವೆಂದು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಈಗ ಮೂವತ್ತು ಆ್ಯಪ್, ಒಂದೊಂದೂ ತನಗೆ ತೋಚಿದ ಹೊತ್ತಿಗೆ ಬಂದು ಮೋಟರ್ ಹಾಕುತ್ತದೆ. ಸಾಲದ್ದಕ್ಕೆ ಒಂದೊಂದು ಆ್ಯಪ್‌ನ ಹೊಟ್ಟೆಯಲ್ಲೂ ಜಾಹೀರಾತಿನವರ, ಲೆಕ್ಕ ಇಡುವವರ ಪರಕೀಯ ಕೋಡ್ ಇರುತ್ತದೆ. ಮನೆ ಬಾಡಿಗೆಗೆ ಕೊಟ್ಟದ್ದು ಒಬ್ಬನಿಗೆ, ರಾತ್ರಿ ಒಳಗೆ ಮಲಗುವವರು ಐವರು.

ಕೆಲವು ಸಲ ಇದು ದುರುದ್ದೇಶವೂ ಅಲ್ಲ, ಬರೀ ಬೇಜವಾಬ್ದಾರಿ. 2015ರ ಅಕ್ಟೋಬರಿನಲ್ಲಿ ಫೇಸ್‌ಬುಕ್‌ನ ಐಫೋನ್ ಆ್ಯಪ್ ಬ್ಯಾಟರಿ ಹೀರುತ್ತಿದೆ ಎಂದು ಗಲಾಟೆಯಾದಾಗ ಕಂಪನಿಯ ಎಂಜಿನಿಯರ್ ಒಬ್ಬರು ಎರಡು ಕಾರಣ ಒಪ್ಪಿಕೊಂಡರು. ಒಂದು, ನೆಟ್‌ವರ್ಕ್ ಕೋಡ್ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ಅದನ್ನವರು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಊರು ಬಂತಾ, ಬಂತಾ ಎಂದು ಕೇಳುತ್ತಲೇ ಇರುವ ಮಗುವಿಗೆ ಹೋಲಿಸಿದ್ದರು. ಇನ್ನೊಂದು, ವಿಡಿಯೊ ನೋಡಿ ಆ್ಯಪ್‌ನಿಂದ ಹೊರಬಂದರೂ ಅದರ ಆಡಿಯೊ ಭಾಗ ಸದ್ದಿಲ್ಲದೆ ಚಾಲೂ ಇರುತ್ತಿತ್ತು. ಹಾಡು ಮುಗಿದ ಮೇಲೂ ಬಾಯಿ ತೆರೆದೇ ಇಟ್ಟುಕೊಂಡ ಗಾಯಕನ ಹಾಗೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ಈ ಕರಡು ಬರೆದ ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು ಇಂಥ ಕೋಡ್ ಬರೆದವನೇ. ಆ್ಯಪ್ ಹಾಕಿಕೊಂಡು ಮರೆತವರನ್ನು ಮತ್ತೆ ಎಳೆದು ತರುವುದು ನಮ್ಮ ತಂಡದ ಕೆಲಸ. ದಿನಕ್ಕೊಮ್ಮೆ ಎದ್ದು ಹೊಸ ಆಫರ್ ಇದೆಯೇ ನೋಡಿದರೆ ಸಾಕು ಎಂದೆ. ಎಷ್ಟು ಕಡಿಮೆ ಅಂತರ ಸಾಧ್ಯ ಎಂದು ಮೇಲಿನವರು ಕೇಳಿದರು. ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ನಲ್ಲಿ ಮರುಕಳಿಸುವ ಕೆಲಸಕ್ಕೆ ಕನಿಷ್ಠ ಅಂತರ 15 ನಿಮಿಷ ಎಂದೆ. ‘ಹಾಗಾದರೆ 15 ಹಾಕಿ.’ ಹಾಕಿದೆ. ದಿನಕ್ಕೆ 96 ಸಲ. ಚಪ್ಪಲಿಯ ಮೇಲೆ ರಿಯಾಯಿತಿ ಇದೆ ಎಂದು ಹೇಳಲು ಒಬ್ಬ ಮನುಷ್ಯನ ಫೋನನ್ನು 96 ಸಲ ಎಬ್ಬಿಸುವ ಒಂದು ಸಾಲು, ಅದರಲ್ಲಿ ಒಂದು ಅಂಕಿ. ಆ ಅಂಕಿ ಟೈಪ್ ಮಾಡಿದ್ದು ಈ ಬೆರಳು. ಸಿಸ್ಟಮ್ ಎಷ್ಟೋ ಸಲ ತಡೆಹಿಡಿದು ನಿಧಾನ ಮಾಡುತ್ತಿತ್ತು ಎಂಬುದು ನನ್ನ ಪುಣ್ಯವಲ್ಲ. ನಮ್ಮ ಮೀಟಿಂಗುಗಳಲ್ಲಿ ಬಳಕೆದಾರರ ಬ್ಯಾಟರಿ ಎಂಬ ಮಾತು ಬರುತ್ತಿದ್ದದ್ದು ಯಾರಾದರೂ ಒಂದು ಸ್ಟಾರ್ ಕೊಟ್ಟು ಬೈದಾಗ ಮಾತ್ರ. ದೇಶದ ಎಷ್ಟೋ ಆ್ಯಪ್‌ಗಳು ತಯಾರಾಗುವುದು ಇದೇ ಊರಿನಲ್ಲಿ. ಹಾಗಾಗಿ ಈ ಜಗಳ ಕ್ಯಾಲಿಫೋರ್ನಿಯಾದ ಜೊತೆ ಎಷ್ಟಿದೆಯೋ ಬೆಳ್ಳಂದೂರಿನ ಜೊತೆಯೂ ಅಷ್ಟೇ ಇದೆ.

ಗುಂಡಿ ಇತ್ತು, ಬಚ್ಚಿಟ್ಟರು

ಇಂಥ ಹತೋಟಿ ತಾಂತ್ರಿಕವಾಗಿ ಕಷ್ಟ ಎಂಬ ಮಾತನ್ನು ನಂಬಬೇಡಿ. 2013ರ ಆಂಡ್ರಾಯ್ಡ್ 4.3ರಲ್ಲಿ ‘ಆ್ಯಪ್ ಆಪ್ಸ್’ ಎಂಬ ಅಡಗಿದ ಪರದೆಯೊಂದು ಸಿಕ್ಕಿತು. ಯಾವ ಆ್ಯಪ್‌ಗೆ ಲೊಕೇಶನ್, ಯಾವುದಕ್ಕೆ ಕಾಂಟ್ಯಾಕ್ಟ್ಸ್ ಎಂದು ಒಂದೊಂದಾಗಿ ಕಿತ್ತುಕೊಳ್ಳಬಹುದಾಗಿದ್ದ ಪರದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅದನ್ನು ಮೆಚ್ಚಿ ಬರೆಯುವಷ್ಟರಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 4.4.2 ಅಪ್‌ಡೇಟಿನಲ್ಲಿ ಆ ಪರದೆ ಮಾಯ. ಅದು ಪ್ರಯೋಗಕ್ಕಿದ್ದದ್ದು, ತಪ್ಪಿ ಹೊರಬಂದಿತ್ತು ಎಂಬುದು ಗೂಗಲ್ ಕೊಟ್ಟ ಸಮಜಾಯಿಷಿ. ಹಾಕಿಕೊಂಡ ಮೇಲೂ ಅನುಮತಿ ಹಿಂತೆಗೆದುಕೊಳ್ಳುವ ಹಕ್ಕು ಎಲ್ಲರಿಗೂ ಸಿಕ್ಕಿದ್ದು 2015ರ ಆಂಡ್ರಾಯ್ಡ್ 6ರಲ್ಲಿ. ನಡುವಿನ ಎರಡು ವರ್ಷ, ಕೋಡ್ ಒಳಗಿತ್ತು, ಬಾಗಿಲಿಗೆ ಹೊರಗಿನಿಂದ ಬೀಗ.

ಆಮೇಲೆ ಸುಧಾರಣೆ ಆಗಿಲ್ಲವೇ ಎಂದರೆ, ಆಗಿದೆ. ಅದೇ ಆಂಡ್ರಾಯ್ಡ್ 6ರಲ್ಲಿ ‘ಡೋಝ್’ ಬಂದು ಅಲುಗಾಡದೆ ಬಿದ್ದಿರುವ ಫೋನಿನ ಆ್ಯಪ್‌ಗಳನ್ನು ತೂಕಡಿಸುವಂತೆ ಮಾಡಿತು. 2017ರ ಆಂಡ್ರಾಯ್ಡ್ 8 ಹಿನ್ನೆಲೆಯ ಸರ್ವಿಸ್‌ಗಳಿಗೆ ಲಗಾಮು ಹಾಕಿತು. 2018ರಲ್ಲಿ ಹಿನ್ನೆಲೆಯಿಂದ ಕ್ಯಾಮೆರಾ, ಮೈಕ್ ಮುಟ್ಟುವುದು ನಿಂತಿತು. 2019ರಲ್ಲಿ ‘ಆ್ಯಪ್ ಬಳಸುವಾಗ ಮಾತ್ರ’ ಲೊಕೇಶನ್ ಕೊಡುವ ಆಯ್ಕೆ ಬಂತು. ಇವನ್ನು ಬರೆದ ಎಂಜಿನಿಯರ್‌ಗಳಿಗೆ ನಮ್ಮ ನಮಸ್ಕಾರ.

ಆದರೆ ಇವುಗಳಲ್ಲಿ ಹೆಚ್ಚಿನವು ‘ನಮಗೆ ಬಿಡಿ, ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಜಾತಿಯವು. 2018ರಿಂದ ಆಂಡ್ರಾಯ್ಡ್ ನಿಮ್ಮ ಆ್ಯಪ್‌ಗಳನ್ನು ಬಳಕೆ ನೋಡಿ ಬಕೆಟ್‌ಗಳಿಗೆ ಹಾಕುತ್ತದೆ: ಈಗ ಬಳಸುತ್ತಿರುವುದು, ಆಗಾಗ ಬಳಸುವುದು, ಅಪರೂಪದ್ದು ಹೀಗೆ. ಬಕೆಟ್ ಕೆಳಗಿಳಿದಷ್ಟೂ ಏಳುವ ಅವಕಾಶ ಕಡಿಮೆ. ಸರಿ, ನನ್ನ ಯಾವ ಆ್ಯಪ್ ಯಾವ ಬಕೆಟ್‌ನಲ್ಲಿದೆ ಎಂದು ನೋಡಬೇಕೇ? ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋಗಿ, ಬಿಲ್ಡ್ ನಂಬರ್ ಮೇಲೆ ಏಳು ಸಲ ಕುಟ್ಟಿ, ತೆರೆದುಕೊಂಡ ಡೆವಲಪರ್ ಆಪ್ಷನ್ಸ್ ಎಂಬ ಕಾಡಿನಲ್ಲಿ ‘ಸ್ಟ್ಯಾಂಡ್‌ಬೈ ಆ್ಯಪ್ಸ್’ ಹುಡುಕಬೇಕು. ಅಜ್ಜಿಕಥೆಯ ರಾಕ್ಷಸ ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟಿದ್ದ. ಇವರು ಏಳು ಕುಟ್ಟಿನಾಚೆ ಇಟ್ಟಿದ್ದಾರೆ. ಕಂಪ್ಯೂಟರಿಗೆ ಕೇಬಲ್ ಹಾಕಿ ಎಡಿಬಿ ಎಂಬ ಡೆವಲಪರ್‌ಗಳ ಸಲಕರಣೆಯ ಮೂಲಕ ಒಂದು ಸಾಲಿನ ಆಜ್ಞೆ ಕೊಟ್ಟರೆ ಬೇಕಾದ ಆ್ಯಪ್ ಹಿನ್ನೆಲೆಯಲ್ಲಿ ಓಡದಂತೆ ಇವತ್ತೂ ಕಟ್ಟಿಹಾಕಬಹುದು. ಮಾತ್ರೆಯ ಗಂಟೆ ಕೇಳಿಸದ ಅಜ್ಜಿಗೆ ಹೇಳಿ ನೋಡಿ, ಎಡಿಬಿ ಹಾಕಿ ಅಂತ.

ಸುಮ್ಮನಿರುವ ಫೋನಿನ ಮಾತು

ಬ್ಯಾಟರಿ ಒಂದೇ ಆಗಿದ್ದರೆ ಪವರ್ ಬ್ಯಾಂಕ್ ಕೊಂಡು ಸುಮ್ಮನಾಗಬಹುದಿತ್ತು. 2018ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡಗ್ಲಸ್ ಶ್ಮಿಟ್ ಒಂದು ಆಂಡ್ರಾಯ್ಡ್ ಫೋನನ್ನು ಕ್ರೋಮ್ ಚಾಲೂ ಇಟ್ಟು ಅಲುಗಾಡಿಸದೆ ಹಾಗೇ ಬಿಟ್ಟರು. 24 ಗಂಟೆಯಲ್ಲಿ ಅದು 340 ಸಲ ಲೊಕೇಶನ್ ಮಾಹಿತಿಯನ್ನು ಗೂಗಲ್‌ಗೆ ಕಳಿಸಿತ್ತು. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಐಫೋನನ್ನೂ ಸೇರಿಸಿ ನೋಡಿದರು: ಮುಟ್ಟದಿದ್ದರೂ ಎರಡೂ ಜಾತಿಯ ಫೋನುಗಳು ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ತಮ್ಮ ತವರಿಗೆ ಸುದ್ದಿ ಕಳಿಸುತ್ತಿದ್ದವು. ಹೊಸ ಸೊಸೆಯೂ ಅಷ್ಟು ಸಲ ಫೋನ್ ಮಾಡುವುದಿಲ್ಲ.

2025ರ ಜೂನ್‌ನಲ್ಲಿ ಬಯಲಾದದ್ದು ಇನ್ನೂ ಬೇರೆ ತರಹದ್ದು. ಆಂಡ್ರಾಯ್ಡ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮತ್ತು ರಷ್ಯಾದ ಯಾಂಡೆಕ್ಸ್ ಆ್ಯಪ್‌ಗಳು ಹಿನ್ನೆಲೆಯಲ್ಲಿ ಕೂತು ಫೋನಿನ ಒಳಗೇ ಒಂದು ಕಿಂಡಿ ತೆರೆದಿಟ್ಟಿದ್ದವು. ನೀವು ಬ್ರೌಸರಿನಲ್ಲಿ ಯಾವುದಾದರೂ ಸೈಟ್ ತೆರೆದರೆ ಅದರಲ್ಲಿ ಅಂಟಿಸಿದ್ದ ಆಯಾ ಕಂಪನಿಯ ತುಣುಕು ಕೋಡ್ ಆ ಕಿಂಡಿಯಲ್ಲಿ ನಿಮ್ಮ ಗುರುತು ಪಿಸುಗುಡುತ್ತಿತ್ತು. ಇನ್‌ಕಾಗ್ನಿಟೊ ಹಾಕಿದರೂ ಲಾಭವಿಲ್ಲ. ಯುರೋಪಿನ ಸಂಶೋಧಕರ ತಂಡ ಇದನ್ನು ಹೊರಹಾಕಿದ ದಿನವೇ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆಯ ಮೆಟಾ ನಿಲ್ಲಿಸಿತು. ಯಾಂಡೆಕ್ಸ್ ಇದನ್ನು 2017ರಿಂದ ಮಾಡುತ್ತಿತ್ತು. ಕೇಳಿಸಿಕೊಳ್ಳಲು ಆ್ಯಪ್ ಹಿನ್ನೆಲೆಯಲ್ಲಿ ಎದ್ದಿರಲೇಬೇಕಿತ್ತು. ಮುಚ್ಚಿದ್ದು ಮುಚ್ಚಿದ್ದರೆ ಪಿಸುಮಾತಿಗೆ ಕಿವಿಯೇ ಇರುತ್ತಿರಲಿಲ್ಲ.

ಹಾಗಿದ್ದರೂ ನಮಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟದ್ದು ಅದಾದ ಮರುತಿಂಗಳ ಒಂದು ತೀರ್ಪು. 2025ರ ಜುಲೈ 1ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಜ್ಯೂರಿಯೊಂದು ಗೂಗಲ್‌ಗೆ 31.46 ಕೋಟಿ ಡಾಲರ್ ಕೊಡಲು ಹೇಳಿತು. 2019ರಲ್ಲಿ ಹೂಡಿದ ದಾವೆ. ಆ ರಾಜ್ಯದ ಸುಮಾರು 1.4 ಕೋಟಿ ಆಂಡ್ರಾಯ್ಡ್ ಬಳಕೆದಾರರ ಪರವಾಗಿ. ಅಲ್ಲಿ ವಾದ ನಡೆದದ್ದು ಗುಟ್ಟು ರಟ್ಟಾಯಿತೆಂದಲ್ಲ. ಫೋನ್ ಸುಮ್ಮನಿದ್ದಾಗ, ಒಡೆಯರು ದುಡ್ಡು ಕೊಟ್ಟು ಕೊಂಡ ಮೊಬೈಲ್ ಡೇಟಾವನ್ನು ಕಂಪನಿ ತನ್ನ ಕೆಲಸಕ್ಕೆ ಬಳಸಿಕೊಂಡಿದೆ ಎಂಬುದು ವಾದ. ಅಂದರೆ ಡೇಟಾ ಪ್ಯಾಕ್ ಎಂಬುದು ಒಂದು ಸೊತ್ತು, ಗೋದಾಮಿನ ಅಕ್ಕಿಯ ಹಾಗೆ. ಕೇಳದೆ ಅಳೆದುಕೊಂಡರೆ ಅದಕ್ಕೆ ಬೆಲೆ ಕಟ್ಟಬಹುದು. ಬಳಕೆದಾರರು ಷರತ್ತುಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ ಎಂದು ವಾದಿಸಿದ್ದ ಗೂಗಲ್ ಮೇಲ್ಮನವಿ ಹಾಕುವುದಾಗಿ ಹೇಳಿತು. ಮುಂದೇನೇ ಆಗಲಿ, ಜ್ಯೂರಿಯಲ್ಲಿ ಕೂತ ಸಾಮಾನ್ಯರಿಗೆ ಅರ್ಥವಾದ ಈ ಮಾತು ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿ, ಸಂಜೆಗೆ ಸ್ಪೀಡ್ 64 ಕೆಬಿಪಿಎಸ್‌ಗೆ ಬಿದ್ದಾಗ ಮಕ್ಕಳನ್ನು ಬೈಯುವ ನಮಗೆ ಇನ್ನೂ ಚೆನ್ನಾಗಿ ಅರ್ಥವಾಗಬೇಕು.

ನಮ್ಮಲ್ಲಿ ಕಾನೂನಿನ ನೆಲ ಗಟ್ಟಿಯೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ ಹೂಡಿದ ಆಧಾರ್ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಸರಿಸುಮಾರು ಅಷ್ಟೇ ಸುಲಭ ಇರಬೇಕು. ಆ ಕಾಯ್ದೆ ಮಾತಾಡುವುದು ವೈಯಕ್ತಿಕ ಮಾಹಿತಿಯ ಬಗ್ಗೆ. ಬ್ಯಾಟರಿಯ, ಡೇಟಾ ಪ್ಯಾಕಿನ ಗೊಡವೆ ಅದಕ್ಕಿಲ್ಲ. ಅದೇ ಅಳತೆಗೋಲನ್ನು ಹಿನ್ನೆಲೆ ಓಟಕ್ಕೂ ಹಚ್ಚಿ ಎನ್ನುತ್ತೇವೆ ನಾವು. ಹಾಕಿಕೊಳ್ಳಲು ಒಂದು ಒತ್ತು, ತಡೆಯಲು ಆರು ಒತ್ತು ಎಂಬುದು ಯಾವ ನ್ಯಾಯ?

ಅಳಿಸಲಾಗದ ಆ್ಯಪ್‌ಗಳ ಕಥೆಯಲ್ಲಿ ನಾವು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟಿದ್ದೇವೆ. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ತುಂಬಿದ ಅದರ ಆ್ಯಪ್‌ಗಳನ್ನು ಬಳಕೆದಾರರು ಅಳಿಸಲು ಬಿಡಬೇಕೆಂದೂ ಹೇಳಿತ್ತು. ಮರುವರ್ಷ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿ, ಅಳಿಸುವ ಆದೇಶವನ್ನು ತೆಗೆದುಹಾಕಿತು. 2025ರ ಕೊನೆಯಲ್ಲಿ ಸರ್ಕಾರವೇ ಮೊಬೈಲ್ ವಂಚನೆ ತಡೆಯಲೆಂದು ಮಾಡಿದ ತನ್ನ ಸಂಚಾರ್ ಸಾಥಿ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ತುಂಬಿಸಬೇಕೆಂದು ಹೊರಟು, ಗದ್ದಲವಾದ ಮೇಲೆ ಕೆಲವೇ ದಿನದಲ್ಲಿ ಹಿಂದೆಗೆಯಿತು. ಆ್ಯಪ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಗದ್ದಲ ಮಾಡಿದರೆ ಹಿಂದೆಗೆಯುತ್ತಾರೆ ಎಂಬುದನ್ನು ನಾವು ಗಂಟುಕಟ್ಟಿಕೊಂಡಿದ್ದೇವೆ.

ನಮ್ಮ ಹಕ್ಕೊತ್ತಾಯ

ಆ್ಯಪ್ ಮೊದಲ ಸಲ ತೆರೆದಾಗ ಲೊಕೇಶನ್ ಕೇಳುವ ಹಾಗೆಯೇ ಕೇಳಲಿ: ನೀವು ಮುಚ್ಚಿದ ಮೇಲೂ ನಾನು ಓಡಬಹುದೇ? ಯಾವ ಕೆಲಸಕ್ಕೆ? ಉತ್ತರ ಕೊಡದಿದ್ದರೆ ಬೇಡ ಎಂದೇ ಅರ್ಥ. ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳಬೇಕೆಂಬ ನಿಯಮ ಆಂಡ್ರಾಯ್ಡ್‌ಗೆ ಬಂದದ್ದು 2022ರಲ್ಲಿ, ಆಗ ಯಾರ ವ್ಯಾಪಾರವೂ ಮುಳುಗಲಿಲ್ಲ. ಪ್ರಶ್ನೆ ಕನ್ನಡದಲ್ಲಿರಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಓದಿ ಹೇಳಿದರೆ ತಿಳಿಯುವ ಕನ್ನಡದಲ್ಲಿ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಈಗಿರುವ ಹಾಗೆ ‘ಆಪ್ಟಿಮೈಸ್ಡ್’ ಎಂದರೆ ಯಾರಿಗೆ ಏನು ತಿಳಿಯಬೇಕು?

ಮೇಲಕ್ಕೆ ತಳ್ಳಿದರೆ ಮುಚ್ಚಲಿ. ನಿಜವಾಗಿ ಮುಚ್ಚಲಿ. ಫೋನ್ ಕಂಪನಿಯ ಸ್ವಂತ ಆ್ಯಪ್‌ಗಳೂ.

ಇಂಟರ್ನೆಟ್‌ಗೆ ಒಂದು ಗುಂಡಿ ಬೇಕು. ಆಂಡ್ರಾಯ್ಡ್‌ನಲ್ಲಿ ಕ್ಯಾಲ್ಕುಲೇಟರ್‌ಗೂ ಕೇಳದೆಯೇ ಇಂಟರ್ನೆಟ್ ಅನುಮತಿ ಸಿಗುತ್ತದೆ, ಅದನ್ನು ಕಿತ್ತುಕೊಳ್ಳುವ ಜಾಗವೇ ಸಾಮಾನ್ಯ ಆಂಡ್ರಾಯ್ಡ್‌ನಲ್ಲಿಲ್ಲ. ಆಂಡ್ರಾಯ್ಡ್‌ನ ಮೇಲೆಯೇ ಕಟ್ಟಿದ ಗ್ರಾಫೀನ್‌ಒಎಸ್‌ನಲ್ಲಿ ಆ ಗುಂಡಿ ಇದೆ. ಇದಕ್ಕಿಂತ ತಮಾಷೆ: ಚೀನಾದಲ್ಲಿ ಮಾರುವ ಐಫೋನಿನಲ್ಲಿ ಪ್ರತಿ ಆ್ಯಪ್‌ಗೂ ವೈಫೈ, ಮೊಬೈಲ್ ಡೇಟಾ ಎರಡನ್ನೂ ತಡೆಯುವ ಆಯ್ಕೆ ಇದೆ. ನಮಗೆ ಮಾರುವ ಅದೇ ಫೋನಿನಲ್ಲಿ ತಡೆಯಲು ಬರುವುದು ಮೊಬೈಲ್ ಡೇಟಾ ಮಾತ್ರ.

ನಾವು ‘ಓಡಲಿ’ ಎಂದದ್ದನ್ನು ಕೊಲ್ಲಬೇಡಿ. ಅಜ್ಜಿಯ ಮಾತ್ರೆ, ಆಟೊದವರ ಬುಕಿಂಗ್ ಆ್ಯಪ್, ರಾತ್ರಿ ಪಾಳಿಯವರ ಅಲಾರಂ. ಒಡೆಯರು ಒಮ್ಮೆ ಹೇಳಿದರೆ ಬ್ಯಾಟರಿ ಸೇವರ್ ಅಡ್ಡ ಬರಬಾರದು, ಅಪ್‌ಡೇಟ್ ಬಂದ ರಾತ್ರಿ ಆ ಆಯ್ಕೆ ಅಳಿಸಿಹೋಗಬಾರದು. ಯಾವುದಾದರೂ ಆ್ಯಪನ್ನು ಮಲಗಿಸಲೇಬೇಕಾಗಿ ಬಂದರೆ ಮಲಗಿಸಿದ್ದೇನೆ ಎಂದು ಹೇಳಿ ಮಲಗಿಸಲಿ.

ಲೆಕ್ಕ ಕೊಡಿ. 2021ರಿಂದ ಆಂಡ್ರಾಯ್ಡ್‌ನಲ್ಲಿ ಪ್ರೈವಸಿ ಡ್ಯಾಶ್‌ಬೋರ್ಡ್ ಇದೆ. ಕ್ಯಾಮೆರಾ, ಮೈಕ್, ಲೊಕೇಶನ್ ಯಾರು ಮುಟ್ಟಿದರೆಂದು ತೋರಿಸುತ್ತದೆ. ಯಾವ ಆ್ಯಪ್ ರಾತ್ರಿ ಎಷ್ಟು ಸಲ ಎದ್ದಿತು, ಯಾವ ಊರಿನ ಸರ್ವರ್‌ಗೆ ಎಷ್ಟು ಕಳಿಸಿತು ಎಂದು ಅಲ್ಲಿಲ್ಲ. ಹಾಲಿನವರ ಪುಸ್ತಕದ ಹಾಗೆ ದಿನಕ್ಕೊಂದು ಸಾಲು, ತಿಂಗಳವರೆಗೆ ಇರಲಿ.

ಹಿನ್ನೆಲೆ ಕೊಡದಿದ್ದರೆ ಆ್ಯಪ್ ತೆರೆಯುವುದೇ ಇಲ್ಲ ಎಂಬ ಹಠ ನಡೆಯದು. ಇದನ್ನು ಮೊದಲು ಪಾಲಿಸಬೇಕಾದವು ಸರ್ಕಾರದ ಆ್ಯಪ್‌ಗಳು, ಯಾಕೆಂದರೆ ಅವನ್ನು ಬೇಡ ಎನ್ನುವ ಸ್ವಾತಂತ್ರ್ಯ ಫಲಾನುಭವಿಗಳಿಗೂ ಇಲ್ಲ, ಅವುಗಳಲ್ಲೇ ಕೆಲಸ ಮಾಡಬೇಕಾದ ನೌಕರರಿಗೂ ಇಲ್ಲ.

ಕೋಡ್ ಬರೆಯುವ ನಮ್ಮವರಿಗೆ ಬೇರೆಯಾಗಿ ಒಂದು ಮಾತು. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಅಂತರ ಎಷ್ಟು ಹಾಕಲಿ ಎಂದು ಕೇಳಿದಾಗ 15 ಎಂಬ ಅಂಕಿಯನ್ನು ಬಾಯಿಬಿಡದಿರುವುದು ಒಂದು ದಾರಿ. ನನಗೆ ಅದು ತಡವಾಗಿ ಹೊಳೆಯಿತು.

ಈಗ ಮಾಡುವುದೇನು

ತಿಂಗಳ ಎರಡನೇ ಭಾನುವಾರ, ಊರಿನ ಗ್ರಂಥಾಲಯದಲ್ಲೋ ಅರಳಿಕಟ್ಟೆಯಲ್ಲೋ ಹೋಟೆಲಿನ ಮೂಲೆಯ ಮೇಜಿನಲ್ಲೋ, ಎಲ್ಲಿ ಐದು ಜನ ಸೇರಿದರೂ ಅಲ್ಲಿ ಒಂದು ಫೋನ್ ಕಟ್ಟೆ. ಯಾರೂ ಯಾರ ಫೋನನ್ನೂ ಕೈಗೆ ತೆಗೆದುಕೊಳ್ಳುವುದಿಲ್ಲ. ಪಕ್ಕ ಕೂತು ತೋರಿಸುತ್ತೇವೆ, ಒತ್ತುವ ಬೆರಳು ಅವರದೇ. ಬಂದವರ ಲೆಕ್ಕಗಳನ್ನು ಹೆಸರಿಲ್ಲದೆ ಬರೆದಿಟ್ಟುಕೊಂಡು, ಸಾಕಷ್ಟಾದ ಮೇಲೆ ಸಂಬಂಧಪಟ್ಟ ಕೇಂದ್ರ ಸಚಿವಾಲಯಕ್ಕೂ ಸ್ಪರ್ಧಾ ಆಯೋಗಕ್ಕೂ ಕೊಡುತ್ತೇವೆ. ಪತ್ರದಿಂದ ಏನಾದೀತು ಎನ್ನಬೇಡಿ: 2016ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಒಂದೊಂದು ಸೈಟಿಗೆ ಒಂದೊಂದು ದರ ಎಂಬುದನ್ನು ನಿಷೇಧಿಸಿದ್ದು ಲಕ್ಷಗಟ್ಟಲೆ ಸಾಮಾನ್ಯರು ಕೂತು ಪತ್ರ ಬರೆದ ಮೇಲೆ.

ಚಳವಳಿಗೆ ಹೆಸರು ಏನು ಎಂದು ಕೇಳುತ್ತಿದ್ದಾರೆ. ಮಗು ಹುಟ್ಟಿ ಹನ್ನೆರಡು ದಿನ ಆಗಲಿ, ತೊಟ್ಟಿಲ ಶಾಸ್ತ್ರದ ದಿನ ಇಡೋಣ. ಸದಸ್ಯತ್ವಕ್ಕೆ ಫಾರ್ಮ್ ಇಲ್ಲ, ಚಂದಾ ಇಲ್ಲ, ಆ್ಯಪ್ ಅಂತೂ ಖಂಡಿತ ಇಲ್ಲ. ಇವತ್ತು ರಾತ್ರಿ ಮಲಗುವ ಮುಂಚೆ ಫೋನಿನ ಚಾರ್ಜ್ ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಚಾರ್ಜರ್ ಕಿತ್ತಿಡಿ. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಕೆಳಗೆ ಇನ್ನೊಂದು ಅಂಕಿ ಬರೆಯಿರಿ. ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿಯ ತಲೆಯಲ್ಲಿ ಕೂತ ಆ್ಯಪ್‌ನ ಹೆಸರನ್ನೂ. ಭಾನುವಾರ ಬರುವಾಗ ಆ ಚೀಟಿ ಜೇಬಿನಲ್ಲಿರಲಿ.